ಹಾಲಿನ ಜಿಡ್ಡು ಗೊತ್ತು, ರಕ್ತದ ಜಿಡ್ಡು ಗೊತ್ತೇ?



ಸಂಘಕ್ಕೆ ಹಾಲು ಹಾಕಿದ ಕೂಡಲೇ ತಾವು ಕೇಳುವ ಮೊದಲ ಮಾತು 'ಫ್ಯಾಟ್ ಎಷ್ಟು ಬಂತು?' ಎಂಬುದೇ. ಎರಡು ಪಾಯಿಂಟ್ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ವಿಚಾರಿಸದೆ ಬಿಡುವುದಿಲ್ಲ. ಆದರೆ ಅರವತ್ತು ದಾಟಿದ ತಮ್ಮ ರಕ್ತದಲ್ಲಿ ಜಿಡ್ಡು ಎಷ್ಟಿದೆ, ಯಾವ ಬಗೆಯದು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಒಂಟಿ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿ, ಹಿರಿಯರಿಬ್ಬರೇ ದನ-ತೋಟ ನೋಡಿಕೊಂಡಿದ್ದಾರೆ. ಅಂಥವರು ಈ ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು.

ರಕ್ತನಾಳದಲ್ಲಿ ಆಗುವುದೇನು?

ತೋಟದ ಪೈಪಿನಲ್ಲಿ ಕೆಸರು ಕಟ್ಟುವ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ ಎಂದು ಹಲವರು ತಿಳಿದಿದ್ದಾರೆ. ಇದು ಪೂರ್ತಿ ಸರಿಯಲ್ಲ. ಎಲ್.ಡಿ.ಎಲ್. ಎಂಬ ಕೊಲೆಸ್ಟೆರಾಲ್ ಹೊರುವ ಕಣಗಳು ನಾಳದ ಗೋಡೆಯ ಒಳಪದರಕ್ಕೇ ನುಗ್ಗಿ ನೆಲೆಸುತ್ತವೆ. ಅಲ್ಲಿ ಉರಿಯೂತ ಉಂಟಾಗಿ ವರ್ಷಾನುಗಟ್ಟಲೆ ಗಂಟು ಬೆಳೆಯುತ್ತದೆ. ಒಂದು ದಿನ ಆ ಗಂಟು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಲಕ್ವ. ವಯಸ್ಸಾದಂತೆ ನಾಳಗಳು ಬಿರುಸಾಗುವುದರಿಂದ ಅಪಾಯ ಹೆಚ್ಚು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಮತ್ತು ಕವಳದ ಹೊಗೆಸೊಪ್ಪು ಇವು ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಮೇವಿನಂತೆ ಹಾಲು, ಊಟದಂತೆ ರಕ್ತ

ಹಾಲಿನ ಜಿಡ್ಡೂ ರಕ್ತದ ಜಿಡ್ಡೂ ಕೊಬ್ಬಿನಾಮ್ಲಗಳಿಂದಲೇ ಆದವು. ಇವುಗಳಲ್ಲಿ ಪರ್ಯಾಪ್ತ, ಅಪರ್ಯಾಪ್ತ ಎಂದು ಎರಡು ಮುಖ್ಯ ಬಗೆ. ಮಾಗಿಯ ಚಳಿಯಲ್ಲಿ ಶೀಸೆಯೊಳಗೇ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯಲ್ಲಿ ಶೇಕಡ 90ರಷ್ಟು, ತುಪ್ಪದಲ್ಲಿ ಶೇಕಡ 60ಕ್ಕೂ ಮೇಲ್ಪಟ್ಟು ಪರ್ಯಾಪ್ತ ಆಮ್ಲಗಳಿರುತ್ತವೆ. ಚಳಿಗೂ ಹರಿಯುವ ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಅಪರ್ಯಾಪ್ತ ಆಮ್ಲಗಳೇ ಹೆಚ್ಚು. ಪರ್ಯಾಪ್ತ ಕೊಬ್ಬು ಮಿತಿಮೀರಿದರೆ ಎಲ್.ಡಿ.ಎಲ್. ಏರುತ್ತದೆ, ಅದರ ಜಾಗದಲ್ಲಿ ಅಪರ್ಯಾಪ್ತ ಕೊಬ್ಬು ಬಳಸಿದರೆ ಇಳಿಯುತ್ತದೆ.

ಹಸುವಿಗೂ ನಮಗೂ ಇಲ್ಲೊಂದು ವ್ಯತ್ಯಾಸವಿದೆ. ಹಸು ಹಸಿರು ಮೇವು ತಿಂದರೂ ಅದರಲ್ಲಿರುವ ಅಪರ್ಯಾಪ್ತ ಆಮ್ಲಗಳ ಬಹುಭಾಗವನ್ನು ಮೆಲುಕುಚೀಲದ ಸೂಕ್ಷ್ಮಾಣುಗಳು ಪರ್ಯಾಪ್ತವಾಗಿ ಮಾರ್ಪಡಿಸಿಬಿಡುತ್ತವೆ. ನಮ್ಮ ಹೊಟ್ಟೆಯಲ್ಲಿ ಅಂಥ ವ್ಯವಸ್ಥೆಯಿಲ್ಲ. ನಾವು ತಿಂದ ಎಣ್ಣೆಯ ಗುಣವೇ ಬಹುಮಟ್ಟಿಗೆ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಈಚಿನ ಮೂರು-ನಾಲ್ಕು ತಿಂಗಳು ನಾವು ಎಂಥ ಕೊಬ್ಬು ತಿಂದೆವು ಎಂಬುದು ಆ ಕಣಗಳ ಪೊರೆಯಲ್ಲೇ ಬರೆದಂತಿರುತ್ತದೆ. ಅಂದರೆ ಎಪ್ಪತ್ತರ ವಯಸ್ಸಿನಲ್ಲೂ ಊಟ ತಿದ್ದಿಕೊಂಡರೆ ರಕ್ತ ಬದಲಾಗುತ್ತದೆ. 'ಇನ್ನೇನು, ವಯಸ್ಸಾಯಿತು' ಎಂದು ಕೈಚೆಲ್ಲಬೇಕಾಗಿಲ್ಲ.

ಹಾಗಾದರೆ ಹಾಲು ಬಿಡಬೇಕೇ?

ಬೇಡ. 3.5 ಫ್ಯಾಟ್ ಇರುವ 200 ಮಿಲಿಲೀಟರ್ ಹಾಲಿನಲ್ಲಿರುವ ಜಿಡ್ಡು 7 ಗ್ರಾಂ ಮಾತ್ರ. ಹಿರಿಯರಿಗೆ ಬೇಕಾದ ಪ್ರೋಟೀನು, ಸುಣ್ಣದ ಅಂಶ ಅದರಲ್ಲಿದೆ. ಎಲ್.ಡಿ.ಎಲ್. ಹೆಚ್ಚಿರುವವರು ಕೆನೆ ತೆಗೆದ ಹಾಲು, ನೀರುಮಜ್ಜಿಗೆ ಬಳಸಬಹುದು. ತುಪ್ಪ ಒಂದು ಚಮಚ ಸಾಕು. ಅದನ್ನೂ ದಿನದ ಎಣ್ಣೆಯ ಲೆಕ್ಕಕ್ಕೆ ಸೇರಿಸಬೇಕು.

ಮನೆಯಲ್ಲಿ ಮಾಡಬೇಕಾದ್ದು

1. ಎಣ್ಣೆಯ ಲೆಕ್ಕ ಇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 2,000 ಕ್ಯಾಲೊರಿಯ ದಿನದ ಊಟದಲ್ಲಿ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ. ಅಂದರೆ ಇಬ್ಬರೇ ಇರುವ ಮನೆಗೆ ತಿಂಗಳಿಗೆ ಸುಮಾರು 1.6 ಕಿಲೋ ದಾಟಬಾರದು.

2. ಕೊಬ್ಬರಿ ಎಣ್ಣೆಯೊಂದನ್ನೇ ನಂಬದೆ ಶೇಂಗಾ, ಎಳ್ಳು, ಸೂರ್ಯಕಾಂತಿ ಎಣ್ಣೆಗಳನ್ನು ಬದಲಿಸಿ ಬಳಸಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

3. ಒಮೇಗಾ-3 ಎಂಬ ಅಪರ್ಯಾಪ್ತ ಆಮ್ಲ ಹೃದಯಕ್ಕೆ ಹಿತ. ಸಸ್ಯಾಹಾರಿಗಳು ದಿನಕ್ಕೆ ಎರಡು ಟೀ ಚಮಚ ಹುರಿದು ಪುಡಿಮಾಡಿದ ಅಗಸೆಯನ್ನು ಚಟ್ನಿಪುಡಿಯಾಗಿ ಬಳಸಬಹುದು. ಮೀನು ತಿನ್ನುವವರು ಆಗುಂಬೆ, ಹುಲಿಕಲ್ ಘಾಟಿ ಹತ್ತಿ ಬರುವ ಬಂಗುಡೆ, ಭೂತಾಯಿಯನ್ನು ವಾರಕ್ಕೆರಡು ಬಾರಿ ಸಾರು ಮಾಡಿ ಉಣ್ಣಲಿ, ಕರಿಯುವುದು ಬೇಡ. ದುಬಾರಿ ಮೀನೆಣ್ಣೆ ಮಾತ್ರೆಗೆ ಮರುಳಾಗಬೇಡಿ. ಅಮೆರಿಕದಲ್ಲಿ 50 ದಾಟಿದ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ 'ವೈಟಲ್' ಅಧ್ಯಯನದಲ್ಲಿ, ಈ ಮಾತ್ರೆಯಿಂದ ಹೃದಯಾಘಾತ, ಲಕ್ವ, ಹೃದ್ರೋಗದ ಸಾವು ಇವು ಒಟ್ಟಾರೆ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ.

4. ಖಾದ್ಯ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡ 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಆದರೂ ವನಸ್ಪತಿಯಲ್ಲಿ ಕರಿದ, ಬೇಯಿಸಿದ ತಿಂಡಿ ಹಿರಿಯರಿಗೆ ಹಿತವಲ್ಲ.

5. ಅಪ್ಪೆಮಿಡಿ ನಮ್ಮ ಸೀಮೆಯ ಹೆಮ್ಮೆ, ನಿಜ. ಆದರೆ ರಕ್ತದೊತ್ತಡವಿದ್ದವರಿಗೆ ಅದರ ಉಪ್ಪು ಶತ್ರು. ಮಿಡಿ ಅಪರೂಪಕ್ಕೊಂದಿರಲಿ, ರಸ ಬೇಡ.

ಪರೀಕ್ಷೆ ಮತ್ತು ಔಷಧಿ

ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ರಕ್ತದ ಜಿಡ್ಡು ಮೂರನ್ನೂ ನೋಡಿಸಿಕೊಳ್ಳಿ. ಸಾಮಾನ್ಯವಾಗಿ ಎಲ್.ಡಿ.ಎಲ್. 100ರ ಒಳಗೆ, ಟ್ರೈಗ್ಲಿಸರೈಡು 150ರ ಒಳಗೆ ಇದ್ದರೆ ಒಳ್ಳೆಯದು. ಒಮ್ಮೆ ಹೃದಯಾಘಾತವಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಎಲ್.ಡಿ.ಎಲ್. ಇನ್ನೂ ಕೆಳಗಿರಬೇಕಾಗಬಹುದು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಅವರು ಕೊಟ್ಟ ಮಾತ್ರೆಯನ್ನು 'ಈಗ ಹುಷಾರಾಗಿದ್ದೇನೆ' ಎಂದು ತಾವಾಗಿಯೇ ನಿಲ್ಲಿಸಬಾರದು. ಕೆಚ್ಚಲು ಬಾವಿಗೆ ಔಷಧಿಯನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂಬುದು ತಮಗೆ ತಿಳಿದೇ ಇದೆ.

ಎದೆನೋವು ಬಂದರೆ ಕಾಯಬೇಡಿ

ಎದೆ ಹಿಂಡಿದಂತಾಗುವುದು, ನೋವು ಎಡಗೈಗೆ ಅಥವಾ ದವಡೆಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು. ಇವು ಕಂಡರೆ ಗ್ಯಾಸು ಎಂದು ಕಷಾಯ ಕುಡಿದು ಮಲಗಬೇಡಿ. ಮುಖ ಓರೆಯಾಗುವುದು, ಕೈ ಸೋಲುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಕೂಡಲೇ 108ಕ್ಕೆ ಕರೆ ಮಾಡಿ. ನಮ್ಮ ಮೂರೂ ಪೇಟೆಗಳಿಂದ ಶಿವಮೊಗ್ಗ ಅರವತ್ತು-ಎಪ್ಪತ್ತು ಕಿಲೋಮೀಟರ್ ದೂರ. ಆದ್ದರಿಂದ ಎದೆನೋವಿಗೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ. ಅಂಥ ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಲೆಂದು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾಯಿತು.

ತುಮರಿ ಕಡೆಯವರು ರೋಗಿಯನ್ನು ಸಾಗರಕ್ಕೆ ತರಲು ಹಿನ್ನೀರಿನ ಲಾಂಚಿಗೆ ಕಾಯಬೇಕಾಗಿದ್ದ ಕಾಲವೊಂದಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದು ಆ ಕಾಯುವಿಕೆ ತಪ್ಪಿದೆ. ಆದರೆ ಮನೆಯೊಳಗೆ 'ಬೆಳಗಾಗಲಿ, ನೋಡೋಣ' ಎಂದು ಕಾಯುವುದನ್ನು ಯಾವ ಸೇತುವೆಯೂ ತಪ್ಪಿಸಲಾರದು. ಅದನ್ನು ನಾವೇ ಬಿಡಬೇಕು.

ಈ ವಾರ ಸಂಘಕ್ಕೆ ಹೋದಾಗ ಫ್ಯಾಟಿನ ಚೀಟಿ ಪಡೆದು, ಹಾಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಿ ಬನ್ನಿ. ಹಸುವಿನ ಲೆಕ್ಕ ದಿನಕ್ಕೆರಡು ಸಲ ನೋಡುವ ತಾವು, ತಮ್ಮ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಿ.