ಗಜಕರ್ಣದ ಮಾತ್ರೆಯೂ ನವೆಯ ಮಾತ್ರೆಯೂ



ಬೋರ್ಡೋ ದ್ರಾವಣದಲ್ಲಿ ಮೆಲಾಥಿಯಾನ್ ಬೆರೆಸಕೂಡದೆಂಬುದನ್ನು ನೀವು ಬಲ್ಲಿರಿ. ಸುಣ್ಣದ ಕ್ಷಾರಕ್ಕೆ ಸಿಕ್ಕಿ ಆ ಕೀಟನಾಶಕವು ಕೆಟ್ಟುಹೋಗುತ್ತದೆ. ಹೊಲದಲ್ಲಿ ಹೀಗಾದರೆ ಹಣ ನಷ್ಟ, ಅಷ್ಟೆ. ಮನುಷ್ಯನ ಹೊಟ್ಟೆಯಲ್ಲಿ ಎರಡು ಔಷಧಿಗಳು ಹೊಂದದೆಹೋದರೆ ಏನಾಗುವುದೆಂಬುದಕ್ಕೆ ನಡೆದ ಸಂಗತಿಯೊಂದನ್ನು ಈ ಸಲ ತಿಳಿಸುತ್ತೇನೆ.

ಅಮೆರಿಕ ದೇಶದಲ್ಲಿ 1985ರಲ್ಲಿ ಟರ್ಫೆನಡಿನ್ ಎಂಬ ಮಾತ್ರೆ ಬಂತು. ಸೀನು, ಮೂಗು ಸೋರುವುದು, ನವೆ, ದದ್ದು ಇವುಗಳಿಗೆ ಕೊಡತಕ್ಕದ್ದು. ಹಳೆಯ ಮಾತ್ರೆಗಳಂತೆ ತೂಕಡಿಕೆ ತರುತ್ತಿರಲಿಲ್ಲ. ಆದುದರಿಂದ ಜನ ಬಹಳ ಮೆಚ್ಚಿದರು. 1990ರಲ್ಲಿ ಅಲ್ಲಿಯ ವೈದ್ಯರು ಒಂದು ವರದಿ ಪ್ರಕಟಿಸಿದರು. 39 ವರ್ಷದ ಹೆಂಗಸೊಬ್ಬಳು ವೈದ್ಯರು ಬರೆದುಕೊಟ್ಟಂತೆ ಈ ಮಾತ್ರೆಯನ್ನು ನುಂಗುತ್ತಿದ್ದಳು. ನಡುವೆ ಬೂಷ್ಟಿನ ಸೋಂಕಿಗೆಂದು ಕೀಟೊಕೊನಜೋಲ್ ಮಾತ್ರೆಯನ್ನೂ ತಾನಾಗಿಯೇ ಪ್ರಾರಂಭಿಸಿದಳು. ತಲೆ ತಿರುಗಿ ಮತ್ತೆ ಮತ್ತೆ ಪ್ರಜ್ಞೆ ತಪ್ಪತೊಡಗಿತು. ಪರೀಕ್ಷಿಸಿದರೆ ಎದೆಬಡಿತವು ತಾಳ ತಪ್ಪಿತ್ತು.

ಕಾರಣವಿಷ್ಟು. ನುಂಗಿದ ಟರ್ಫೆನಡಿನ್ನಿನ ಬಹುಪಾಲನ್ನು ಯಕೃತ್ತಿನ ಒಂದು ಕಿಣ್ವವು ಫೆಕ್ಸೊಫೆನಡಿನ್ ಆಗಿ ಬದಲಾಯಿಸುತ್ತದೆ. ನವೆ ನಿಲ್ಲಿಸುವುದು ಇದೇ. ಇನ್ನು ಕೀಟೊಕೊನಜೋಲ್ ಎಂಬ ಹೆಸರಿನ ಬಾಲವನ್ನು ಗಮನಿಸಿರಿ. ಭತ್ತದ ಎಲೆಕವಚದ ರೋಗಕ್ಕೆ ನೀವು ಸಿಂಪಡಿಸುವ ಹೆಕ್ಸಕೊನಜೋಲ್ ಇದರ ಬಳಗವೇ. (ಬಳಗ ಒಂದೇ ಎಂದು ಹೊಲದ ಔಷಧಿಯನ್ನು ಮೈಗೆ ಹಚ್ಚೀರಿ, ಜೋಕೆ!) ಬೂಷ್ಟು ತನ್ನ ಕಣದ ಪೊರೆಯನ್ನು ಕಟ್ಟಿಕೊಳ್ಳಲು ಬೇಕಾದ ಕಿಣ್ವವನ್ನು ಇವು ತಡೆಯುತ್ತವೆ. ಆ ಕಿಣ್ವದ ದಾಯಾದಿ ನಮ್ಮ ಯಕೃತ್ತಿನಲ್ಲಿಯೂ ಇದೆ. ಕೀಟೊಕೊನಜೋಲ್ ಅದನ್ನೂ ಬಿಡುವುದಿಲ್ಲ. ಕೋಡಿ ಕಟ್ಟಿದರೆ ಕೆರೆಯ ನೀರು ಏರುವಂತೆ, ಬದಲಾಗದ ಟರ್ಫೆನಡಿನ್ ರಕ್ತದಲ್ಲಿ ಏರುತ್ತದೆ. ಪ್ರತಿ ಬಡಿತದ ನಂತರ ಹೃದಯದ ಕಣಗಳಿಂದ ಪೊಟ್ಯಾಸಿಯಂ ಹೊರಹರಿದರೆ ತಾನೆ ಮುಂದಿನ ಬಡಿತಕ್ಕೆ ಅಣಿ? ಏರಿದ ಔಷಧಿ ಆ ದಾರಿಯನ್ನೇ ಮುಚ್ಚುತ್ತದೆ. ಬಡಿತ ಅಡ್ಡಾದಿಡ್ಡಿಯಾಗಿ ಪ್ರಾಣವೇ ಹೋಗಬಹುದು. ಯಾವ ಮಾತ್ರೆಯನ್ನೂ ಅಳತೆ ಮೀರಿ ನುಂಗಬೇಕಿಲ್ಲ ಎಂಬುದೇ ಇದರಲ್ಲಿ ಹೆದರಿಕೆಯ ವಿಷಯ.

ಟರ್ಫೆನಡಿನ್ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಅದೇ ದೋಷದ ಆಸ್ಟೆಮಿಜೋಲ್ 1999ರಲ್ಲಿ. ನಮ್ಮ ದೇಶದಲ್ಲಿ 2003ರಲ್ಲಿ ಎರಡನ್ನೂ ನಿಷೇಧಿಸಿದರು. ಈಗ ಸಿಗುವ ಫೆಕ್ಸೊಫೆನಡಿನ್, ಸೆಟಿರಿಜಿನ್‌ಗಳಿಗೆ ವೈದ್ಯರು ಹೇಳಿದ ಅಳತೆಯಲ್ಲಿ ಈ ಭಯವಿಲ್ಲ.

ಹಾಗಾದರೆ ನಮಗೇಕೆ ಈ ಕಥೆ ಎನ್ನುವಿರಾ? ಬೂಷ್ಟಿನ ಮಾತ್ರೆಗಳು ಉಳಿದುಕೊಂಡಿವೆಯಲ್ಲ! ಗಜಕರ್ಣಕ್ಕೆ ವಾರಗಟ್ಟಲೆ ನುಂಗುವ ಇಟ್ರಾಕೊನಜೋಲ್ ಸಹ ಅದೇ ಕಿಣ್ವವನ್ನು ತಡೆಯುತ್ತದೆ. ವಾಂತಿಗೆ ಕೊಡುವ ಡೋಂಪೆರಿಡೋನ್ ಇದರೊಡನೆ ಕೂಡದು. ಎಷ್ಟೋ ‘ಗ್ಯಾಸ್’ ಮಾತ್ರೆಗಳಲ್ಲಿ ಅದು ಬೆರೆತಿರುತ್ತದೆ. ನವೆಯ ಮಾತ್ರೆಗಳಲ್ಲಿಯೂ ಎಬಾಸ್ಟಿನ್ ವಿಷಯದಲ್ಲಿ ಎಚ್ಚರ ಬೇಕು. ಚರ್ಮಕ್ಕೆ ಹಚ್ಚುವ ಮುಲಾಮು ರಕ್ತಕ್ಕೆ ಸೇರುವುದು ಅತ್ಯಲ್ಪ; ಅದಕ್ಕೆ ಅಂಜಬೇಕಾಗಿಲ್ಲ.

ಮಾತ್ರೆಯ ಹಾಳೆಯನ್ನು ಒಲೆಗೆ ಹಾಕದೆ ಜೇಬಿನಲ್ಲಿಟ್ಟುಕೊಳ್ಳಿರಿ. ಬೇರೆ ಕಾಯಿಲೆಗೆ ಬೇರೆ ವೈದ್ಯರಲ್ಲಿಗೆ ಹೋದಾಗ, ಅಂಗಡಿಯಲ್ಲಿ ಕೇಳಿ ಕೊಳ್ಳುವಾಗಲೂ, ಅದನ್ನು ತೋರಿಸಿರಿ. ಇಟ್ರಾಕೊನಜೋಲ್ ನಿಲ್ಲಿಸಿ ಒಂದೆರಡು ವಾರದವರೆಗೂ ತೋರಿಸಬೇಕು. ಅದರ ಪ್ರಭಾವ ಅಷ್ಟು ದಿನ ಉಳಿಯುತ್ತದೆ. ಮಾತ್ರೆ ನುಂಗುತ್ತಿರುವಾಗ ಎದೆ ಹೊಡೆದುಕೊಂಡರೆ ಅಥವಾ ಕಣ್ಣು ಕತ್ತಲೆಯಿಟ್ಟು ಬಿದ್ದರೆ, ಬಿಸಿಲಿನ ಆಯಾಸವೆಂದು ಮಲಗದೆ, ಕೂಡಲೇ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿರಿ. ಹಾಳೆಯೂ ಜೊತೆಗಿರಲಿ.