ಸೈಟೇಷನ್ ಗಟ್ಟಿಯಿದ್ದರೆ ಮೇಲ್ಮನವಿ ಗಟ್ಟಿ: ಕಿರಿಯ ವಕೀಲರಿಗೆ ಏಳು ಸೂತ್ರಗಳು

ಬೆಂಗಳೂರಿನ ಮೇಯೋ ಹಾಲ್ ಕೋರ್ಟಿನಲ್ಲಿ ವಕೀಲಿಕೆ ಆರಂಭಿಸುವವರಿಗೆ ಚೆಕ್ ಬೌನ್ಸ್ ಕೇಸುಗಳೇ ಮೊದಲ ಪಾಠಶಾಲೆ. ಮ್ಯಾಜಿಸ್ಟ್ರೇಟ್ ಶಿಕ್ಷೆ ವಿಧಿಸಿದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ. ಆ ಅವಧಿಯಲ್ಲಿ ಹತ್ತು ತೀರ್ಪು ಪೇರಿಸಬೇಡಿ. ಹೊಂದುವ ಒಂದನ್ನು ಹುಡುಕಿ.

1. ಮೊದಲು ಪ್ರಶ್ನೆ, ಆಮೇಲೆ ತೀರ್ಪು. ಸಹಿಯ ತಕರಾರೋ, ಸಾಲದ ತಕರಾರೋ? ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಆ ಸಾಲಿಗೆ ಉತ್ತರ ಕೊಡದ ತೀರ್ಪನ್ನು ಪಕ್ಕಕ್ಕಿಡಿ.

2. ಯಾರ ಮಾತು ಯಾರನ್ನು ಕಟ್ಟಿಹಾಕುತ್ತದೆ, ತಿಳಿಯಿರಿ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ಎಲ್ಲ ಕೋರ್ಟುಗಳೂ ಬದ್ಧ. ಕರ್ನಾಟಕ ಹೈಕೋರ್ಟಿನ ತೀರ್ಪಿಗೆ ಮೇಯೋ ಹಾಲ್ ಬದ್ಧ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ಮನವೊಲಿಸಬಲ್ಲದು, ಅಷ್ಟೇ.

3. ಪೀಠ ಎಷ್ಟು ದೊಡ್ಡದೆಂದು ನೋಡಿ. ಚೆಕ್ ಇದೆ ಎಂದ ಮಾತ್ರಕ್ಕೆ ಸಾಲವೂ ಇದೆ ಎಂದು ಭಾವಿಸಲಾಗದು ಎಂದು ಕೃಷ್ಣ ಜನಾರ್ದನ ಭಟ್ ಪ್ರಕರಣದಲ್ಲಿ (2008) ದ್ವಿಸದಸ್ಯ ಪೀಠ ಹೇಳಿತ್ತು. ರಂಗಪ್ಪ ಪ್ರಕರಣದಲ್ಲಿ (2010) ತ್ರಿಸದಸ್ಯ ಪೀಠ ಅದನ್ನು ಒಪ್ಪದೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಂನಡಿ ಸಾಲವಿದೆ ಎಂದೇ ಭಾವಿಸಬೇಕೆಂದಿತು. ಎರಡೂ ಕರ್ನಾಟಕದಿಂದ ಹೋದ ಕೇಸುಗಳು. ಈ ಅಂಶಕ್ಕೆ ಇಂದು ಹಳೆಯದನ್ನು ನೆಚ್ಚಿದರೆ ವಾದ ಅಲ್ಲಿಗೇ ಮುಗಿಯಿತು.

4. ಸಂಗತಿಗೆ ಸಂಗತಿ ಹೊಂದಿಸಿ. ಆರೋಪಿಯ ಪರವೇ? ಬಸಲಿಂಗಪ್ಪ ಪ್ರಕರಣ (2019) ಓದಿ. ದೂರುದಾರರಿಗೆ ಅಷ್ಟು ಹಣ ಕೊಡುವ ಶಕ್ತಿಯಿತ್ತೇ ಎಂಬ ಪ್ರಶ್ನೆ ಅಲ್ಲಿ ಕೇಸನ್ನೇ ತಿರುಗಿಸಿತು, ಖುಲಾಸೆ ಮರಳಿ ಸಿಕ್ಕಿತು. ನಿಮ್ಮ ಪಾಟೀಸವಾಲಿನಲ್ಲಿ ಆ ಪ್ರಶ್ನೆ ಬಂದಿದ್ದರೆ ಮಾತ್ರ ಈ ತೀರ್ಪು ನಿಮ್ಮದು.

5. ಅರ್ಧ ತೀರ್ಪು ಓದಬೇಡಿ. ಒಪ್ಪಿಗೆಯಿಲ್ಲದ ನಾರ್ಕೋ ಪರೀಕ್ಷೆ ಸಲ್ಲದು ಎಂದ ಸೆಲ್ವಿ ಪ್ರಕರಣ (2010) ಎಲ್ಲರಿಗೂ ಗೊತ್ತು. ಸ್ವಇಚ್ಛೆಯ ಪರೀಕ್ಷೆಯಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿ ಸಾಕ್ಷ್ಯವಾಗಬಹುದು ಎಂದೂ ಅದೇ ತೀರ್ಪು ಹೇಳಿದೆ. ನೀವು ಬಿಟ್ಟ ಪ್ಯಾರಾವನ್ನು ಸರ್ಕಾರಿ ಅಭಿಯೋಜಕರು ಓದಿ ಹೇಳುತ್ತಾರೆ.

6. ಖುಲಾಸೆಯ ಮೇಲ್ಮನವಿಗೆ ಅಳತೆಗೋಲು ಬೇರೆ. ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ (2007) ಇಲ್ಲಿ ದಾರಿ ತೋರುತ್ತದೆ: ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನಗಳು ಸಾಧ್ಯವಿದ್ದರೆ, ಮೇಲ್ಮನವಿ ಕೋರ್ಟು ಖುಲಾಸೆಯನ್ನು ಕದಲಿಸಬಾರದು.

7. ಮೂಲವನ್ನು ನೀವೇ ತೆರೆದು ಓದಿ. ಸಿವಿಲ್ ನ್ಯಾಯಾಧೀಶರೊಬ್ಬರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖವಿದ್ದುದನ್ನು 2025ರಲ್ಲಿ ನಮ್ಮ ಹೈಕೋರ್ಟೇ ಗಂಭೀರವಾಗಿ ಪರಿಗಣಿಸಿತು. ಎಐ ಕೊಟ್ಟ ಹೆಸರನ್ನು ನಂಬಿ ಕೂರಬೇಡಿ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಉಚಿತ. ತೆರೆಯಿರಿ, ಪ್ಯಾರಾ ಸಂಖ್ಯೆ ಸಹಿತ ಬರೆದುಕೊಳ್ಳಿ.

ಸೈಟೇಷನ್ ತಪ್ಪಿದರೆ ವಕೀಲರಿಗೆ ಆಗುವುದು ಮುಜುಗರ, ಕಕ್ಷಿದಾರರಿಗೆ ಆಗುವುದು ಜೈಲು. ಈ ಶ್ರಮವನ್ನು ಯಾರಿಗೂ ವಹಿಸಿಕೊಡಬೇಡಿ.