ಡಾಲರ್ ಕೊಟ್ಟರೆ ರಿಯೆಲ್ ಚಿಲ್ಲರೆ

ಅಂಕೋರ್ ವಾಟ್ ನೋಡಲು ಕಾಂಬೋಡಿಯಾಕ್ಕೆ ಹೊರಟಿದ್ದೀರಾ? ಅಲ್ಲಿ ಸ್ವಂತ ಹಣ ರಿಯೆಲ್ ಇದ್ದರೂ ಅಮೆರಿಕದ ಡಾಲರ್ ಸಲೀಸಾಗಿ ಓಡುತ್ತದೆ. ದೇಗುಲಗಳ ಒಂದು ದಿನದ ಟಿಕೆಟ್ಟೇ 37 ಡಾಲರ್. ಆದರೆ ನೋಟು ಇಸ್ತ್ರಿ ಹಾಕಿದಂತಿರಬೇಕು. ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಡುತ್ತಾರೆ. ಆದ್ದರಿಂದ ಇಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದನ್ನೂ ತಿರುಗಿಸಿ ನೋಡಿ. ಸಣ್ಣ ನೋಟುಗಳನ್ನೇ ಕೇಳಿ. ಬೀದಿ ಅಂಗಡಿಯಲ್ಲಿ ನೂರರ ನೋಟು ಚಾಚಿದರೆ ಯಾರೂ ಚಿಲ್ಲರೆ ಕೊಡರು.

ಅಲ್ಲಿ ಡಾಲರಿನ ನಾಣ್ಯಗಳು ನಡೆಯುವುದಿಲ್ಲ. ಮೂರೂವರೆ ಡಾಲರಿನ ಊಟಕ್ಕೆ ಐದರ ನೋಟು ಕೊಟ್ಟರೆ ಒಂದು ಡಾಲರ್, ಜೊತೆಗೆ 2,000 ರಿಯೆಲ್ ಕೈಗೆ ಬರುತ್ತದೆ. ಡಾಲರಿಗೆ ಸುಮಾರು 4,000 ರಿಯೆಲ್ ಎಂಬ ಲೆಕ್ಕ ನೆನಪಿದ್ದರೆ ಸಾಕು. ಎಳನೀರು, ಟುಕ್‌ಟುಕ್, ಸಂತೆಯ ಹಣ್ಣಿಗೆ ರಿಯೆಲ್ಲೇ ವಾಸಿ. ಡಾಲರಿನಲ್ಲಿ ಬೆಲೆ ಕೇಳಿದರೆ ಒಂದಿಷ್ಟು ಮೇಲಕ್ಕೇರಿಸಿಯೇ ಹೇಳುತ್ತಾರೆ. (ವ್ಯಾಪಾರಿಯ ಬುದ್ಧಿ ಎಲ್ಲ ಊರಲ್ಲೂ ಒಂದೇ!)

ಉಳಿದ ರಿಯೆಲ್‌ಗಳನ್ನು ವಿಮಾನ ಹತ್ತುವ ಮೊದಲೇ ಖರ್ಚು ಮಾಡಿಬಿಡಿ. ಗಡಿ ದಾಟಿದ ಮೇಲೆ ಅವನ್ನು ಕೊಳ್ಳುವವರು ಸಿಗುವುದು ಕಷ್ಟ.